ಕಿತ್ತೂರಿನ ಗೆಲುವು, ಬೈಲಹೊಂಗಲದ ಮೌನ

ಕಿತ್ತೂರಿನ ಕದನ ಬೆಳ್ಳಿತೆರೆಯ ಮೇಲೆ ಎರಡು ಸಲ ದೊಡ್ಡದಾಗಿ ನಡೆದಿದೆ. 1961ರಲ್ಲಿ ಅದು ಮಾತಿನಿಂದ ಗೆದ್ದಿತು, 2012ರಲ್ಲಿ ಮೈಕಟ್ಟಿನಿಂದ. ಇವೆರಡೂ ಹೊಸ ದಾರಿ ಹಾಕಿದ ಬಗೆ ಯಾವುದು? ಮಲಪ್ರಭೆಯ ದಂಡೆಯಲ್ಲಿ ಇನ್ನೂ ಚಿತ್ರವಾಗದೆ ಉಳಿದಿರುವುದು ಏನು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಶಾಲೆಗಳ ವಾರ್ಷಿಕ ಸಮಾರಂಭವೆಂದರೆ ಒಂದು ದೃಶ್ಯ ಇದ್ದೇ ಇರುತ್ತದೆ ಎನ್ನುವಷ್ಟು ರೂಢಿ. ಕಚ್ಚೆ ಹಾಕಿ ಸೀರೆ ಉಟ್ಟು, ರಟ್ಟಿನ ಕತ್ತಿ ಹಿಡಿದ ಹುಡುಗಿಯೊಬ್ಬಳು ರಂಗದ ನಡುವೆ ನಿಲ್ಲುತ್ತಾಳೆ. ತಲೆಗೆ ಟೊಪ್ಪಿಗೆ ಹಾಕಿದ ಹುಡುಗ ಕಪ್ಪ ಕೇಳುತ್ತಾನೆ. ಹುಡುಗಿ ಕಣ್ಣು ಕೆಕ್ಕರಿಸಿ, ಒಂದೇ ಉಸಿರಿನಲ್ಲಿ, ಕಪ್ಪ ಯಾಕೆ ಕೊಡಬೇಕೆಂದು ತಿರುಗಿ ಕೇಳುತ್ತಾಳೆ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರ ತುಟಿಯೂ ಆಕೆಯ ಜೊತೆಗೇ ಅಲುಗುತ್ತಿರುತ್ತದೆ. ಚಪ್ಪಾಳೆ ಬೀಳುತ್ತದೆ.

ಆದರೆ ಇತಿಹಾಸದ ಕಡತ ಬಿಚ್ಚಿದರೆ ಈ ಜಗಳದ ಮೂಲ ಬೇರೆಯೇ ಆಗಿದೆ. ಪೇಶ್ವೆಯರು ಸೋತ 1818ರ ಬಳಿಕ ಕಿತ್ತೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷವರ್ಷವೂ ಕಾಣಿಕೆ ಕೊಡುತ್ತಲೇ ಇತ್ತು. 1824ರಲ್ಲಿ ಕಂಪನಿಯವರು ಕಿತ್ತೂರಿನ ಬಾಗಿಲಿಗೆ ಬಂದದ್ದು ದತ್ತಕವನ್ನು ಒಪ್ಪುವುದಿಲ್ಲ ಎಂದು ಹೇಳಲು, ಖಜಾನೆಗೆ ಬೀಗ ಹಾಕಲು. ಹಾಗಿದ್ದೂ ಜನರ ಬಾಯಲ್ಲಿ ಉಳಿದದ್ದು ಕಪ್ಪದ ಮಾತೇ. ಅದನ್ನು ಹೀಗೆ ಮನೆಮನೆಗೆ ಮುಟ್ಟಿಸಿದ್ದು ಪಠ್ಯಪುಸ್ತಕವೂ ಅಲ್ಲ, ಸರ್ಕಾರದ ಉತ್ಸವವೂ ಅಲ್ಲ. 1961ರ 'ಕಿತ್ತೂರು ಚೆನ್ನಮ್ಮ' ಎಂಬ ಕಪ್ಪು ಬಿಳುಪಿನ ಚಲನಚಿತ್ರ. ಇತಿಹಾಸವನ್ನೇ ಪಕ್ಕಕ್ಕೆ ಸರಿಸಿ ತಾನು ಇತಿಹಾಸವಾಗಿ ಕುಳಿತುಬಿಡುವ ಶಕ್ತಿ ಒಂದು ಚಿತ್ರಕ್ಕೆ ಎಲ್ಲಿಂದ ಬರುತ್ತದೆ?

ಹೊಸ ರಾಜ್ಯ, ಹಳೆಯ ರಾಣಿ

ಚಿತ್ರವನ್ನು ತಯಾರಿಸಿ ನಿರ್ದೇಶಿಸಿದವರು ಬಿ. ಆರ್. ಪಂತುಲು. ನಾಟಕದ ಹಿನ್ನೆಲೆಯಿಂದ ಬಂದು 1936ರ 'ಸಂಸಾರ ನೌಕೆ'ಯಲ್ಲಿ ನಟರಾಗಿ ತೆರೆಗೆ ಕಾಲಿಟ್ಟವರು. ಮದರಾಸು ಅವರ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ನೆಲೆ. 1959ರಲ್ಲಿ ಅವರು ತಮಿಳಿನಲ್ಲಿ 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದಿದ್ದರು. ಶಿವಾಜಿ ಗಣೇಶನ್ ಕಂಪನಿಯ ಅಧಿಕಾರಿಯ ಎದುರು ನಿಂತು ಕಪ್ಪ ಕೊಡಲಾಗದೆಂದು ಗುಡುಗುವ ಆ ಚಿತ್ರ ತಮಿಳುನಾಡನ್ನು ಅಲುಗಾಡಿಸಿತ್ತು. ಎರಡು ವರ್ಷಗಳ ಬಳಿಕ ಅದೇ ಹದವನ್ನು ಪಂತುಲು ಕನ್ನಡದ ನೆಲಕ್ಕೆ ತಂದರು. ಕಿತ್ತೂರಿನ ರಾಣಿಯ ಬಾಯಲ್ಲಿ ಕಪ್ಪದ ಪ್ರಶ್ನೆ ಅಷ್ಟು ಮೊಳಗಲು ಇದೂ ಒಂದು ಕಾರಣವಿರಬೇಕು.

ಕಾಲವೂ ಕೂಡಿ ಬಂದಿತ್ತು. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡದ ಸೀಮೆ 1956ರಲ್ಲಷ್ಟೇ ಹಳೆಯ ಮೈಸೂರಿನೊಂದಿಗೆ ಒಂದಾಗಿತ್ತು. ಬೆಂಗಳೂರು, ಮೈಸೂರಿನ ಪ್ರೇಕ್ಷಕರಲ್ಲಿ ಎಷ್ಟೋ ಜನಕ್ಕೆ ಕಿತ್ತೂರು ಎಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಕನ್ನಡದ ಮೊದಲ ಐತಿಹಾಸಿಕ ಚಿತ್ರವೆಂದು ಹೆಸರಾದ 'ರಣಧೀರ ಕಂಠೀರವ' 1960ರಲ್ಲಿ ಬಂದಿತ್ತು. ಅದು ಮೈಸೂರು ಅರಸರ ಕತೆ. ಮರುವರ್ಷವೇ ಮಲಪ್ರಭೆಯ ಕಡೆಯ ಕತೆಯೊಂದು ಇಡೀ ರಾಜ್ಯದ ಟಾಕೀಜುಗಳಲ್ಲಿ ಓಡಿತು. ಒಂದು ಸಂಸ್ಥಾನದ ನೆನಪು ಒಂದು ರಾಜ್ಯದ ನೆನಪಾಯಿತು. 1961ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರೀಯ ಗೌರವವೂ ಅದಕ್ಕೆ ಸಂದಿತು.

ಚೆನ್ನಮ್ಮನಾಗಿ ಬಿ. ಸರೋಜಾದೇವಿ. ರಾಜಾ ಮಲ್ಲಸರ್ಜನಾಗಿ ರಾಜಕುಮಾರ್. ಸಂಗೀತ ಟಿ. ಜಿ. ಲಿಂಗಪ್ಪನವರದು. ಈ ಹಂಚಿಕೆಯಲ್ಲೇ ಚಿತ್ರದ ದೊಡ್ಡ ಧೈರ್ಯ ಅಡಗಿದೆ. ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಕದನ ನಡೆದದ್ದು 1824ರಲ್ಲಿ. ಅಂದರೆ ಆಗಲೇ ಜನಪ್ರಿಯತೆಯ ಮೆಟ್ಟಿಲು ಹತ್ತುತ್ತಿದ್ದ ನಾಯಕನಟ ಯುದ್ಧಕ್ಕೆ ಮುಂಚೆಯೇ ಕತೆಯಿಂದ ಇಳಿದುಹೋಗಬೇಕು! ಕತ್ತಿ ಹಿರಿಯುವ ಹೊತ್ತಿಗೆ ತೆರೆಯ ಮೇಲೆ ಉಳಿಯುವವಳು ವಿಧವೆ ರಾಣಿ ಒಬ್ಬಳೇ. ಅವಳನ್ನು ಪಾರುಮಾಡಲು ಯಾವ ಗಂಡಸೂ ಕುದುರೆಯೇರಿ ಬರುವುದಿಲ್ಲ. ಯುದ್ಧದ ಕತೆಯೆಂದರೆ ನಾಯಕನ ಕತೆ ಎಂದು ನಂಬಿದ್ದ ವ್ಯಾಪಾರಿ ಚಿತ್ರರಂಗದಲ್ಲಿ ಇದು ಸಣ್ಣ ಮಾತಲ್ಲ.

ಬಡತನವೇ ಶೈಲಿಯಾದದ್ದು

ಕಟ್ಟಬೊಮ್ಮನ್ ಬಣ್ಣದಲ್ಲಿ ಬಂದಿತ್ತು. ಚೆನ್ನಮ್ಮನಿಗೆ ಆ ಭಾಗ್ಯವಿರಲಿಲ್ಲ. ಪೂರ್ತಿ ಬಣ್ಣದ ಮೊದಲ ಕನ್ನಡ ಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಕನ್ನಡದ ಮಾರುಕಟ್ಟೆ ಆಗ ಕಿರಿದು. ಸಾವಿರಾರು ಕುದುರೆ, ಸಾಲುಸಾಲು ಫಿರಂಗಿ ತರಿಸಿ ನಿಜವಾದ ರಣರಂಗ ಹೂಡುವ ಹಣ ಆ ಮಾರುಕಟ್ಟೆಯಿಂದ ಹುಟ್ಟುವಂತಿರಲಿಲ್ಲ.

ಹಾಗಾದರೆ ಯುದ್ಧ ಎಲ್ಲಿ ನಡೆಯಬೇಕು? ಪಂತುಲು ಕಂಡುಕೊಂಡ ಉತ್ತರ ರಂಗಭೂಮಿಯದು: ಯುದ್ಧ ಮಾತಿನಲ್ಲಿ ನಡೆಯಲಿ. ದರಬಾರಿನ ಮಾತೇ ರಣರಂಗವಾಯಿತು. ಚಿತ್ರವನ್ನು ನೋಡಿ ದಶಕಗಳಾದವರು ಕೋಟೆಗೆ ಎಷ್ಟು ಜನ ಲಗ್ಗೆ ಹಾಕಿದರೆಂದು ಹೇಳಲಾರರು. ರಾಣಿ ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟಳೆಂದು ಚಾಚೂ ತಪ್ಪದೆ ಹೇಳುತ್ತಾರೆ. ನಿಜವಾದ ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ ಎಂಬ ಲೆಕ್ಕ ಹಿಡಿದರೆ ಕದನದ ಹೊತ್ತಿಗೆ ಅವಳಿಗೆ ನಲವತ್ತಾರರ ಸುಮಾರು. 1938ರಲ್ಲಿ ಹುಟ್ಟಿದ ಸರೋಜಾದೇವಿಯವರಿಗೆ ಆಗ ಇಪ್ಪತ್ತಮೂರು. ಆ ಅಂತರವನ್ನು ಪ್ರೇಕ್ಷಕ ಗಣನೆಗೇ ತೆಗೆದುಕೊಳ್ಳಲಿಲ್ಲ. ದನಿ ಅವನನ್ನು ನಂಬಿಸಿಬಿಟ್ಟಿತ್ತು. 2025ರ ಜುಲೈಯಲ್ಲಿ ಸರೋಜಾದೇವಿ ತೀರಿಕೊಂಡಾಗ, ನಾಲ್ಕು ಭಾಷೆಗಳಲ್ಲಿ ನಟಿಸಿದ ಅವರನ್ನು ಕನ್ನಡಿಗರು ಮೊದಲು ನೆನೆದದ್ದು ಚೆನ್ನಮ್ಮನಾಗಿಯೇ.

ಶೈಲಿ ಎಂದರೆ ಇದೇ. ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಹೊರಡದೆ, ಒಂದನ್ನು ಹಿಗ್ಗಿಸಿ, ಇನ್ನೊಂದನ್ನು ಕುಗ್ಗಿಸಿ, ಉಳಿದುದನ್ನು ನೋಡುವವನ ಮನಸ್ಸಿಗೆ ಬಿಡುವುದು. ಕೈಯಲ್ಲಿ ಹಣವಿಲ್ಲದ್ದು ಅದಕ್ಕೆ ನೆಪವಾಗಿರಬಹುದು. ಆದರೆ ಈ ನೆಲದಲ್ಲಿ ಆ ದಾರಿ ಸಿನಿಮಾಕ್ಕಿಂತ ಬಹಳ ಹಳೆಯದು.

ಹಲಗೆಯ ಮೇಲಿನ ರಣರಂಗ

ಉತ್ತರ ಕರ್ನಾಟಕದ ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭುಜಕೀರ್ತಿ, ಕಿರೀಟ, ಎದೆಹಾರ ಹೊತ್ತ ಇಬ್ಬರು ವೀರರು ಅಟ್ಟದ ಮೇಲೆ ಸುತ್ತು ಹಾಕುತ್ತಾರೆ. ಕತ್ತಿ ಕತ್ತಿಗೆ ತಾಗುವುದಕ್ಕಿಂತ ಕಾಲು ಹಲಗೆಗೆ ತಾಗುವುದೇ ಅಲ್ಲಿ ಹೆಚ್ಚು ಮುಖ್ಯ. ಮದ್ದಳೆಯ ಪೆಟ್ಟು, ಹಿಮ್ಮೇಳದವರ ದನಿ, ಹೆಜ್ಜೆಯ ಸಪ್ಪಳ ಕೂಡಿ ಕೂಡಿ ಏರುತ್ತವೆ. ಇಬ್ಬರೇ ಇದ್ದರೂ ಎರಡು ದಂಡು ಕಾದಾಡಿದಂತೆ ಕಾಣುತ್ತದೆ. ರಕ್ತದ ಹನಿಯೂ ಬೀಳದೆ ಯುದ್ಧ ಮುಗಿಯುತ್ತದೆ!

ಲಾವಣಿಕಾರನದು ಇನ್ನೂ ಸರಳ ಸಲಕರಣೆ: ಒಂದು ಡಪ್ಪು, ಒಂದು ತುಂತುಣಿ. ಅಷ್ಟರಲ್ಲೇ ಅವನು ಬಂಡಾಯ ಹೂಡಿ, ಊರು ಸುಟ್ಟು, ನಾಯಕನನ್ನು ನೇಣಿಗೆ ಕಳಿಸಿ ಜನರನ್ನು ಅಳಿಸಬಲ್ಲ. ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿ ಎಷ್ಟು ಹಬ್ಬಿತ್ತೆಂದರೆ, ಬ್ರಿಟಿಷ್ ಅಧಿಕಾರಿಯೂ ಶಾಸನ ವಿದ್ವಾಂಸನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಅದನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಯಾರ ಸರ್ಕಾರದ ವಿರುದ್ಧ ಆ ಹಾಡು ಹುಟ್ಟಿತೋ ಆ ಸರ್ಕಾರದ ನೌಕರನೇ ಅದನ್ನು ಕಾಗದಕ್ಕೆ ಇಳಿಸಿದ. ಬೈಲಹೊಂಗಲ ಸೀಮೆಯ ನೆನಪಿನಿಂದಲೇ ಎದ್ದ 'ಸಂಗ್ಯಾ ಬಾಳ್ಯಾ' ಸಣ್ಣಾಟದ್ದೂ ಇದೇ ಜಾತಿಯ ಕಲೆ. ಗೆಳೆಯನೇ ಗೆಳೆಯನಿಗೆ ಎರಡು ಬಗೆದ ಕತೆ ಅದು. ಸೋಲು, ದ್ರೋಹ, ಸಾವುಗಳನ್ನು ಮರೆಮಾಚದೆ ಹಾಡುವುದು ಈ ನೆಲದ ಕಲಾವಿದರಿಗೆ ರೂಢಿಯಾಗಿತ್ತು.

ಇವುಗಳಿಗೂ ಸಿನಿಮಾಕ್ಕೂ ನಡುವಿನ ಸೇತುವೆ ವೃತ್ತಿ ನಾಟಕ ಕಂಪನಿ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರ ಬಾಳು ಆ ರಂಗಭೂಮಿಯ ಇತಿಹಾಸವೇ. ಹರೆಯದಲ್ಲಿ ಹೆಣ್ಣು ಪಾತ್ರಗಳಿಗೆ ಹೆಸರಾದ ಅವರು ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ಅಲೆದರು. ಎಲ್ಲಮ್ಮನ ಗುಡ್ಡದ ಜಾತ್ರೆಯಂಥ ಜನಸಾಗರದ ಎದುರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಆಡಿದವರಿಗೆ ಮಾತನ್ನು ಕೊನೆಯ ಸಾಲಿಗೆ ಮುಟ್ಟಿಸುವುದೇ ಮೊದಲ ಪಾಠ. ಆ ಉಚ್ಚಾರ, ಆ ನಿಲುವು, ವಾಕ್ಯದ ಕೊನೆಗೆ ಚಪ್ಪಾಳೆಗೆಂದು ಬಿಡುವ ಆ ಒಂದು ಕ್ಷಣ, ಇವೆಲ್ಲ ಪಂತುಲು ಚಿತ್ರದಲ್ಲಿ ಹಾಗೆಯೇ ಇವೆ. ನಗರದ ವಿಮರ್ಶಕರು ಇಂಥ ಚಿತ್ರಗಳನ್ನು 'ನಾಟಕೀಯ' ಎಂದು ಮೂಗು ಮುರಿದದ್ದುಂಟು. ಹಳ್ಳಿಯ ಪ್ರೇಕ್ಷಕನಿಗೆ ಅದೇ ಪರಿಚಯದ ಬಾಗಿಲಾಗಿತ್ತು.

ಜಗತ್ತಿನ ಪರದೆಯಲ್ಲಿ

ಹೊರಗಿನ ದೊಡ್ಡ ನಿರ್ದೇಶಕರ ದಾರಿಯೂ ತೀರ ಬೇರೆಯಲ್ಲ. ರಷ್ಯದ ಐಸೆನ್‌ಸ್ಟೈನ್ 1938ರ 'ಅಲೆಕ್ಸಾಂಡರ್ ನೆವ್‌ಸ್ಕಿ'ಯ ಹಿಮದ ಮೇಲಿನ ಕಾಳಗವನ್ನು ಚಿತ್ರಿಸಿದ್ದು ಬೇಸಿಗೆಯಲ್ಲಿ, ಕೃತಕ ಮಂಜುಗಡ್ಡೆಯ ಮೇಲೆ. ಪ್ರೊಕೋಫಿಯೆವ್‌ನ ಸಂಗೀತಕ್ಕೂ ದೃಶ್ಯಕ್ಕೂ ಅಲ್ಲಿ ಬಿಟ್ಟೂಬಿಡದ ನಂಟು. ಜಪಾನಿನ ಕುರೊಸಾವಾ 1985ರ 'ರಾನ್'ನಲ್ಲಿ ಕೋಟೆ ಉರಿಯುವಾಗ ಕೂಗು, ಖಣಖಣ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಹೆಣಗಳ ರಾಶಿಯ ಮೇಲೆ ಬರಿ ಸಂಗೀತ. ಒಂದು ಗುಂಡಿನ ಸದ್ದು ಕೇಳಿದಾಗಲೇ ಲೋಕದ ಶಬ್ದ ಮರಳುತ್ತದೆ. ಗ್ರೀಸಿನ ಥರ್ಮಾಪಿಲೆ ಕದನದ '300' ಚಿತ್ರವನ್ನು ಜ್ಯಾಕ್ ಸ್ನೈಡರ್ ಗ್ರೀಸಿಗೆ ಹೋಗಿ ತೆಗೆಯಲಿಲ್ಲ. ಕೆನಡದ ಮಾಂಟ್ರಿಯಲ್‌ನ ಸ್ಟುಡಿಯೊದಲ್ಲಿ ನೀಲಿ ಪರದೆಯ ಮುಂದೆ ನಟರನ್ನು ಕಾದಾಡಿಸಿ, ಬೆಟ್ಟ, ಕಡಲು, ಆಕಾಶಗಳನ್ನು ಕಂಪ್ಯೂಟರಿನಲ್ಲಿ ಬರೆಸಿದರು. 1998ರ ಚಿತ್ರಕತೆಯೊಂದರ ಪುಟಗಳೇ ಚಲಿಸಿದಂತೆ ಕಾಣುವ ಆ ಚಿತ್ರ 2007ರಲ್ಲಿ ಲೋಕವೆಲ್ಲ ಓಡಿತು. ಓಟ ತಟ್ಟನೆ ನಿಧಾನವಾಗಿ ಮತ್ತೆ ಚುರುಕಾಗುವ ಅದರ ವರಸೆಯನ್ನು ಎಷ್ಟೋ ಜನ ಅನುಕರಿಸಿದರು. ಪರ್ಷಿಯನ್ನರನ್ನು ರಾಕ್ಷಸರಂತೆ ತೋರಿಸಿದ್ದಕ್ಕೆ ಇರಾನಿನಲ್ಲಿ ಪ್ರತಿಭಟನೆಯೂ ಎದ್ದಿತು.

ಬರಿ ವೈಭವ ಸೋತ ಉದಾಹರಣೆ ನಮ್ಮಲ್ಲೇ ಇದೆ. ಸೊಹ್ರಾಬ್ ಮೋದಿ 1953ರಲ್ಲಿ 'ಝಾನ್ಸಿ ಕಿ ರಾಣಿ'ಯನ್ನು ಟೆಕ್ನಿಕಲರ್‌ನಲ್ಲಿ ತೆಗೆದರು, ಹಾಲಿವುಡ್ಡಿನಿಂದ ಛಾಯಾಗ್ರಾಹಕರನ್ನು ಕರೆಸಿದರು. ಹಣ ಮುಳುಗಿತು. ಎಂಟು ವರ್ಷಗಳ ಬಳಿಕ ಬಣ್ಣವಿಲ್ಲದ ಚೆನ್ನಮ್ಮ ಗೆದ್ದಳು. ಒಂದು ಯುದ್ಧಚಿತ್ರ ಹೊಸ ದಾರಿ ಹಾಕಿತೆಂದು ಹೇಳಲು ಸಲಕರಣೆಯ ಪಟ್ಟಿ ಸಾಲದು. ಆ ಯುದ್ಧಕ್ಕೇ ಒಪ್ಪುವ ಒಂದು ರೂಪ ಸಿಕ್ಕಿರಬೇಕು.

ಆ ಆರು ವಾರಗಳು

ಹಾಗಾದರೆ ಕಿತ್ತೂರಿನ ಯುದ್ಧದ ನಿಜವಾದ ಆಕಾರ ಯಾವುದು?

ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಹುಡುಗ ಶಿವಲಿಂಗಪ್ಪನನ್ನು ದತ್ತು ಪಡೆಯಲಾಯಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಸುಮಾರು 15 ಲಕ್ಷ ರೂಪಾಯಿಯದೆಂದು ಹೇಳಲಾಗುವ ಖಜಾನೆಗೆ ತನ್ನ ಕಾವಲು ಹಾಕಿದ. ಅಕ್ಟೋಬರ್ 23ರಂದು ಫಿರಂಗಿಗಳೊಂದಿಗೆ ಕೋಟೆಯ ಮುಂದೆ ನಿಂತು ಬಾಗಿಲು ತೆರೆಯಲು ಹೇಳಿದ. ಬಾಗಿಲು ತೆರೆಯಿತು, ಒಳಗಿನಿಂದ ಸರದಾರ ಗುರುಸಿದ್ದಪ್ಪನ ದಂಡು ನುಗ್ಗಿ ಬಂತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಧಾರವಾಡದಲ್ಲಿ ಅವನ ಸ್ಮಾರಕಸ್ತಂಭ ಇಂದಿಗೂ ಇದೆ.

ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ಇಬ್ಬರನ್ನೂ ರಾಣಿ ಗೌರವದಿಂದ ನಡೆಸಿಕೊಂಡಳು. ಈ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಮುಂದೆ ಇವನೇ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಚಾಲುಕ್ಯರ ಇತಿಹಾಸಕ್ಕೆ ತಳಹದಿ ಹಾಕಿದವನು! ಕಿತ್ತೂರಿನ ಸೆರೆಯಾಳು ಕನ್ನಡ ಶಾಸನಗಳ ಸಂಗ್ರಾಹಕನಾದ ಇಂಥ ತಿರುವು ಕತೆಗಾರನ ಕಲ್ಪನೆಗೂ ಹೊಳೆಯುವುದು ಕಷ್ಟ.

ಗೆಲುವಿನ ಆಯುಷ್ಯ ಆರು ವಾರ. ಕಮಿಷನರ್ ಚಾಪ್ಲಿನ್ ಹಲವು ಕಡೆಯಿಂದ ಪಡೆ ತರಿಸಿದ. ಮಾತುಕತೆ ನಡೆದು ಸೆರೆಯಾಳುಗಳನ್ನು ಬಿಟ್ಟದ್ದಾಯಿತು. ಆದರೂ ಡಿಸೆಂಬರಿನ ಮೊದಲ ವಾರ ಕೋಟೆಗೆ ಫಿರಂಗಿ ಹಚ್ಚಿದರು. ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿ, ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಕಾಳಗದಲ್ಲಿ ಸತ್ತ. ಕೋಟೆ ಬಿತ್ತು. ಮದ್ದಿನಲ್ಲಿ ಕಲಬೆರಕೆಯಾಗಿತ್ತೆಂದು, ಮಲ್ಲಪ್ಪಶೆಟ್ಟಿ, ವೆಂಕಟರಾಯರು ದ್ರೋಹ ಬಗೆದರೆಂದು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಗೆ ಒಯ್ದರು. ನಾಲ್ಕು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು, 1829ರ ಫೆಬ್ರವರಿಯಲ್ಲಿ ಅವಳು ಕಣ್ಣು ಮುಚ್ಚಿದಳು.

ಒಂದು ದಿನದ ಗೆಲುವು, ಆರು ವಾರಗಳ ಉಸಿರು, ನಾಲ್ಕು ವರ್ಷಗಳ ಸೆರೆ: ಕಿತ್ತೂರಿನ ಯುದ್ಧದ ನಿಜವಾದ ಅಳತೆ ಇದು. ಜನಮನದಲ್ಲಿ ಆ ಲೆಕ್ಕ ತಿರುವುಮುರುವಾಗಿದೆ. ಒಂದು ದಿನ ಬೆಟ್ಟದಷ್ಟಾಗಿ, ನಾಲ್ಕು ವರ್ಷ ಸಾಸಿವೆಯಷ್ಟಾಗಿವೆ. ಹೊಸದಾಗಿ ಒಂದಾದ ನಾಡಿಗೆ ತಲೆಯೆತ್ತಿ ನಿಲ್ಲುವ ಚಿತ್ರ ಬೇಕಾಗಿತ್ತು, ಅದು ಸಿಕ್ಕಿತು. ಆದರೆ ಹಿಗ್ಗಿಸಿದ್ದಕ್ಕೂ ಕುಗ್ಗಿಸಿದ್ದಕ್ಕೂ ಒಂದು ಬೆಲೆ ಇದ್ದೇ ಇರುತ್ತದೆ.

ವಾಲೀಕಾರನ ಸರದಿ

ಆ ಬೆಲೆಯನ್ನು ಸ್ವಲ್ಪಮಟ್ಟಿಗೆ ತೀರಿಸಿದ್ದು 2012ರ ನವೆಂಬರ್ 1ರಂದು ತೆರೆಕಂಡ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ನಿರ್ದೇಶನ ನಾಗಣ್ಣ ಅವರದು. ರಾಯಣ್ಣನಾಗಿ ದರ್ಶನ್, ಚೆನ್ನಮ್ಮನಾಗಿ ಜಯಪ್ರದಾ. ಜಯಪ್ರದಾ ಅವರಿಗೆ ಆಗ ಐವತ್ತು. ವಯಸ್ಸಿನ ಮಟ್ಟಿಗಾದರೂ ಇತಿಹಾಸದ ರಾಣಿಗೆ ಹತ್ತಿರದವರು. ಅಲ್ಲಿಯವರೆಗಿನ ಕನ್ನಡದ ಅತಿ ದುಬಾರಿ ಚಿತ್ರಗಳ ಸಾಲಿನಲ್ಲಿ ಅದರ ಹೆಸರಿತ್ತು. ದರ್ಶನ್ ಅವರಿಗೆ ಅತ್ಯುತ್ತಮ ನಟ ರಾಜ್ಯ ಪ್ರಶಸ್ತಿ ಬಂತು.

ಇಲ್ಲಿ ಯುದ್ಧ ಮಾತಿನಿಂದ ಮೈಗೆ ಇಳಿಯಿತು. ಬಣ್ಣ, ಬೆಂಕಿ, ಧೂಳು, ಕುದುರೆಯ ಓಟ, ಎತ್ತರದ ಆಳಿನ ಕೈಯಲ್ಲಿ ಬೀಸುವ ಕತ್ತಿ. ಆದರೆ ಅದರ ಹೊಸತನ ಇರುವುದು ಅಬ್ಬರದ ಕೆಳಗೆ. ಅರಮನೆಯ ಕತೆಯನ್ನು ಅದು ಹಳ್ಳಿಯ ವಾಲೀಕಾರನ ಕತೆಯಾಗಿ ತಿರುಗಿಸಿತು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ, ಕುರುಬರ ಮನೆತನದಲ್ಲಿ ಹುಟ್ಟಿದ ರಾಯಣ್ಣ ಕಿತ್ತೂರಿನ ಸೇವೆಗೆ ಪ್ರತಿಯಾಗಿ ಭೂಮಿ ಉಂಡುಕೊಂಡಿದ್ದವನು. ಕಂಪನಿ ಸರ್ಕಾರ ಆ ಭೂಮಿಯನ್ನು ಕಿತ್ತುಕೊಂಡಿತು, ಉಳಿದದ್ದಕ್ಕೆ ತೆರಿಗೆ ಹಾಕಿತು. ರಾಯಣ್ಣನ ಜನ ಬೀಡಿಯ ಕಚೇರಿ ಸುಟ್ಟದ್ದು, ಭೂಮಿಯ ಕಾಗದಪತ್ರಗಳಿಗೆ ಬೆಂಕಿ ಇಟ್ಟದ್ದು ಯಾಕೆಂದು ಇದರಿಂದ ತಿಳಿಯುತ್ತದೆ. ಇದು ಸಿಂಹಾಸನದ ಜೊತೆಗೆ ಹೊಲದ ಜಗಳವೂ ಹೌದು. ಮೋಸದಿಂದ ಸೆರೆಸಿಕ್ಕ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ನೇಣು ಹಾಕಲಾಯಿತು.

ಅರ್ಧ ಶತಮಾನದ ಹಿಂದೆ ರಾಣಿಯ ನೆರಳಿನಲ್ಲಿದ್ದ ಸೈನಿಕ ಈಗ ನಾಯಕ. ಈಗ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಅವನ ಹೆಸರಿದೆ. ಚಿತ್ರ ಒಂದರಿಂದಲೇ ಇದಾಯಿತೆಂದು ಹೇಳುವಂತಿಲ್ಲ. ಆದರೆ ಲಾವಣಿಯ ರಾಯಣ್ಣನಿಗೆ ಹೊಸ ತಲೆಮಾರಿನ ಕಣ್ಣಲ್ಲಿ ಒಂದು ಮುಖ ಕೊಟ್ಟದ್ದು ಅದೇ. ಕೊರತೆಯೂ ಅಲ್ಲೇ ಇದೆ. ಜನಪ್ರಿಯ ನಟನ ಗಾತ್ರಕ್ಕೆ ಯುದ್ಧ ಹಿಗ್ಗಿದಷ್ಟೂ ರಾಯಣ್ಣನ ಜೊತೆಗಿದ್ದವರು ಸಣ್ಣವರಾದರು. ಕಾಡಿನಲ್ಲಿ ಅಡಗಿ ಹೊಡೆಯುವ ಹೋರಾಟಕ್ಕೆ ಆಧಾರವೇ ಊರೂರಿನ ಜನ: ರೊಟ್ಟಿ ಕಟ್ಟಿ ಕಳಿಸಿದವರು, ಸುಳಿವು ಮುಟ್ಟಿಸಿದವರು, ಸಿಕ್ಕಿಬಿದ್ದು ಶಿಕ್ಷೆ ಉಂಡವರು. ಒಬ್ಬನೇ ನೂರು ಜನರನ್ನು ಕೆಡವುವ ವರಸೆಯಲ್ಲಿ ಅವರಿಗೆ ಜಾಗ ಸಿಗುವುದಿಲ್ಲ.

ನದಿಯ ಕೆಳದಂಡೆಯಲ್ಲಿ

ಸಂಗೊಳ್ಳಿಯ ಮಗ್ಗುಲಲ್ಲಿ ಹರಿದ ಮಲಪ್ರಭೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಮಣಿದು, ರಾಮದುರ್ಗದ ಕಡೆಗೆ ಇಳಿಯುತ್ತದೆ. ಅಲ್ಲಿನ ಸುರೇಬಾನದಲ್ಲಿ ಇನ್ನೊಂದು ಕತೆ ಕಾದು ಕುಳಿತಿದೆ.

ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ದತ್ತಕದ ಹಕ್ಕು ಕೇಳಿ ಸಿಗದೆ ಹೋದವನು. ಕಿತ್ತೂರಿನದೇ ಪಾಡು, ಮೂರು ದಶಕ ಕಳೆದ ಮೇಲೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಮೇಲೆ ಅವನ ಜನ ಎರಗಿದರು. ಕಡಿದ ತಲೆ ನರಗುಂದದ ಅಗಸಿಯಲ್ಲಿ ತೂಗಿತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು. ಅದೇ ಭಾವೆ ಮನೆತನದ ಇನ್ನೊಂದು ಕವಲಿನ ರಾಮದುರ್ಗ ಸಂಸ್ಥಾನ ಬಂಡಾಯಕ್ಕೆ ಇಳಿಯದೆ ಕಂಪನಿಯ ಪಕ್ಕದಲ್ಲೇ ಉಳಿಯಿತು, ಸ್ವಾತಂತ್ರ್ಯ ಬರುವವರೆಗೂ ಬಾಳಿತು.

ಒಂದು ಮನೆತನದಲ್ಲಿ ಒಬ್ಬ ನೇಣಿಗೆ, ಒಬ್ಬ ಗದ್ದುಗೆಗೆ. ರಾತ್ರಿಯ ದಾಳಿ, ಕಡಿದ ತಲೆ, ನದಿಗೆ ಇಳಿಯುವ ಅತ್ತೆ ಸೊಸೆಯರು. ಇಲ್ಲಿ ಎದೆಯುಬ್ಬಿಸುವ ಸಂಭಾಷಣೆಗೆ ಜಾಗವಿಲ್ಲ, ಕತ್ತಿ ತಿರುಗಿಸುವ ಏಕಾಂಗಿ ವೀರನಿಗೂ ಇಲ್ಲ. 1961ರ ಅಚ್ಚಿಗಾಗಲೀ 2012ರ ಅಚ್ಚಿಗಾಗಲೀ ಇದು ಒಗ್ಗುವುದಿಲ್ಲ. ಬಿಳಿಯನ ತಲೆ ಕಡಿದದ್ದನ್ನು ಹೆಮ್ಮೆಯಾಗಿ ತೋರಿಸುವುದೇ, ಭಯವಾಗಿ ತೋರಿಸುವುದೇ? ರಾಮದುರ್ಗದ ಅರಸನನ್ನು ಹೇಡಿಯೆನ್ನುವುದೇ, ತನ್ನ ಪ್ರಜೆಗಳನ್ನು ಉಳಿಸಿಕೊಂಡವನೆನ್ನುವುದೇ? ಈ ಪ್ರಶ್ನೆಗಳಿಗೆ ಎದುರಾಗುವ ಚಿತ್ರಕ್ಕೆ ಹೊಸದೊಂದು ರೂಪವೇ ಬೇಕಾದೀತು.

ಹಾಡು ಬಲ್ಲದು

ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. 2007ರಲ್ಲೇ ದೆಹಲಿಯ ಸಂಸತ್ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿದೆ. 2021ರಲ್ಲಿ ಈ ಸೀಮೆಗೇ ಕಿತ್ತೂರು ಕರ್ನಾಟಕವೆಂದು ಹೆಸರಾಯಿತು. ಇವೆಲ್ಲ ಗೆಲುವಿನ ದಿನದ ಗುರುತುಗಳು. ಡಿಸೆಂಬರಿಗೆ ಉತ್ಸವವಿಲ್ಲ.

ಕಿತ್ತೂರಿನ ಹಾಳು ಅರಮನೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಗೋಡೆಯೊಳಗೆ ಕೂಡಿಸಿದ ಕಿಂಡಿಯೊಂದಿದೆ. ಪ್ರವಾಸಕ್ಕೆ ಬಂದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅದರಲ್ಲಿ ಇಣುಕುತ್ತಾರೆ. ಬೈಲಹೊಂಗಲದ ಸಮಾಧಿಯಲ್ಲಿ ಇಣುಕಲು ಅಂಥದೇನೂ ಇಲ್ಲ. ಅಲ್ಲಿ ನಡೆದದ್ದು ಸಿಡಿಲಿನಂಥ ಘಟನೆಯಲ್ಲ, ನಾಲ್ಕು ವರ್ಷಗಳ ಕಾಯುವಿಕೆ. ಹೊರಗೆ ರಾಯಣ್ಣನ ದಂಗೆ ಏಳುವ ಹೊತ್ತಿಗೆ ರಾಣಿ ಇರಲಿಲ್ಲ. ಕದನವನ್ನು ಮಾತಿನಲ್ಲಿ ಕಟ್ಟಿದ್ದಾಯಿತು, ಮೈಯಲ್ಲಿ ಕಟ್ಟಿದ್ದಾಯಿತು. ಸೋತ ರಾಣಿಯೊಬ್ಬಳು ದಿನ ಎಣಿಸಿದ್ದನ್ನು ಯಾವ ಶೈಲಿಯಲ್ಲಿ ಕಟ್ಟುವುದು? ಕುರೊಸಾವಾ ಸದ್ದು ನಿಲ್ಲಿಸಿ ಉತ್ತರ ಹುಡುಕಿದರು. ಈ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ರಾಯಣ್ಣನ ಲಾವಣಿ ನಂದಗಡದವರೆಗೂ ಅವನ ಜೊತೆ ನಡೆಯುತ್ತದೆ. ಸೋಲು ಬಂತೆಂದು ನಡುವೆ ಡಪ್ಪು ಕೆಳಗಿಡುವುದಿಲ್ಲ. ಬೈಲಹೊಂಗಲದ ಕೋಟೆಯವರೆಗೂ ರಾಣಿಯ ಜೊತೆ ನಡೆದು ಹೋಗುವ ಚಿತ್ರ ಬಂದ ದಿನ, ಕಿತ್ತೂರಿನ ಕದನದ ಲೆಕ್ಕ ಚುಕ್ತಾ ಆದೀತು.